ಕಲ್ಲು ಬಂದ ದಾರಿ, ಚೂರು ಬಂದ ದಾರಿ: ಒಂದು ಇತಿಹಾಸ ತರಗತಿಯ ಪ್ರಕರಣ ಅಧ್ಯಯನ

ಹಿನ್ನೆಲೆ

ಮಂಡ್ಯ ಜಿಲ್ಲೆಯ ಒಂದು ಪದವಿ ಕಾಲೇಜು. ಬಿ.ಎ. ಇತಿಹಾಸ ತರಗತಿಯಲ್ಲಿ 38 ಮಂದಿ. ಹೆಚ್ಚಿನವರು ಸುತ್ತಲ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬರುವ ರೈತರ ಮಕ್ಕಳು. ಪಾಠ ಕರ್ನಾಟಕದ ಆರಂಭಿಕ ಇತಿಹಾಸ, ಶಿಲಾಯುಗದಿಂದ ತಲಕಾಡಿನ ಗಂಗರವರೆಗೆ. ಕಾಲೇಜಿನ ಹೆಸರು, ಊರಿನ ಹೆಸರು, ಶಾಸನದ ಸಂಖ್ಯೆ ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ವ್ಯಕ್ತಿಗಳನ್ನು ಕಾಪಾಡುವುದು ಒಂದು ಕಾರಣ. ಇನ್ನೊಂದು ಕಾರಣ ಅದಕ್ಕಿಂತ ದೊಡ್ಡದು: ನಿಧಿಯ ಆಸೆಗೆ ವೀರಗಲ್ಲಿನ ಬುಡ ಅಗೆಯುವವರಿಗೆ ನಕ್ಷೆ ಒದಗಿಸುವ ಬರಹ ಇದಾಗಬಾರದು.

ಸಮಸ್ಯೆ ಬೆಳಕಿಗೆ ಬಂದದ್ದು ಒಂದು ಕಿರುಪರೀಕ್ಷೆಯಲ್ಲಿ. ‘ಗಂಗರ ಆರಂಭದ ಬಗ್ಗೆ ನಮಗೆ ಹೇಗೆ ಗೊತ್ತು?’ ಎಂಬ ಪ್ರಶ್ನೆಗೆ ತರಗತಿ ಹೆಚ್ಚುಕಡಿಮೆ ಒಂದೇ ಉತ್ತರ ಬರೆಯಿತು: ಸಿಂಹನಂದಿ ಆಚಾರ್ಯರು, ದಡಿಗ ಮತ್ತು ಮಾಧವ, ಒಂದೇ ಏಟಿಗೆ ಕತ್ತರಿಸಿದ ಕಲ್ಲುಕಂಬ. ಈ ಕಥೆ ವಿಸ್ತಾರವಾಗಿ ಸಿಗುವುದು ಶಿವಮೊಗ್ಗ ಕಡೆಯ ಕಲ್ಲೂರುಗುಡ್ಡ ಶಾಸನದಂಥ 12ನೆಯ ಶತಮಾನದ ಬರಹಗಳಲ್ಲಿ. ಗಂಗರು ತಲೆಯೆತ್ತಿದ್ದು 4ನೆಯ ಶತಮಾನದಲ್ಲಿ. ನಡುವಿನ ಏಳುನೂರಕ್ಕೂ ಹೆಚ್ಚು ವರ್ಷಗಳ ಅಂತರವನ್ನು ಒಬ್ಬರೂ ಗಮನಿಸಿರಲಿಲ್ಲ. ಕೇಳಿದ್ದು ‘ಹೇಗೆ ಗೊತ್ತು’ ಎಂದು, ಬರೆದದ್ದು ‘ಏನಾಯಿತು’ ಎಂದು.

ಅದೇ ಪತ್ರಿಕೆಯಲ್ಲಿ, ಗೋರಿಗಳಿಗೆ ದೊಡ್ಡ ಕಲ್ಲು ನಿಲ್ಲಿಸುತ್ತಿದ್ದ ಬೃಹತ್ ಶಿಲಾ ಸಂಸ್ಕೃತಿಯ ಪ್ರಶ್ನೆಗೆ ‘ಕಪ್ಪು-ಕೆಂಪು ಮಡಕೆ, ಕಬ್ಬಿಣ, ಶಿಲಾವೃತ್ತ’ ಎಂಬ ಮೂರು ಪದ ಎಲ್ಲರಿಗೂ ಬಾಯಿಪಾಠವಾಗಿತ್ತು. ಅಂಥ ಮಡಕೆಯ ಒಂದು ಚೂರನ್ನು ಕೈಯಲ್ಲಿ ಹಿಡಿದವರು ತರಗತಿಯಲ್ಲಿ ಯಾರೂ ಇರಲಿಲ್ಲ. ಮಡಕೆಗೊಂದು ಅಧ್ಯಾಯ, ಶಾಸನಕ್ಕೊಂದು ಅಧ್ಯಾಯ. ಎರಡೂ ಒಂದೇ ಹೊಲದಲ್ಲಿ ಸಿಗಬಹುದು ಎಂಬ ಯೋಚನೆಗೆ ಪಠ್ಯದಲ್ಲಿ ಜಾಗವಿರಲಿಲ್ಲ.

ಕೆಟ್ಟುಹೋದ ಎರಡು ಯತ್ನ

ಮೊದಲು ತಲಕಾಡಿಗೆ ಒಂದು ದಿನದ ಬಸ್ ಪ್ರವಾಸ. ಮರಳು ನೋಡಿದರು, ಕೀರ್ತಿನಾರಾಯಣ ದೇವಸ್ಥಾನ ನೋಡಿದರು, ವರದಿಯಲ್ಲಿ ಅಲಮೇಲಮ್ಮನ ಶಾಪ ಬರೆದರು. ಒಡೆಯರ ಕಾಲಕ್ಕೆ ಸೇರಿದ ಆ ಐತಿಹ್ಯಕ್ಕೂ ಗಂಗರಿಗೂ ನಡುವೆ ಆರು ಶತಮಾನವಿದೆ. ಕಣ್ಣಿಗೆ ಕೆಲಸ ಕೊಡದೆ ಜಾಗ ತೋರಿಸಿದರೆ ವಿದ್ಯಾರ್ಥಿ ಮೊದಲೇ ಕೇಳಿದ ಕಥೆಯನ್ನೇ ಅಲ್ಲೂ ಕಾಣುತ್ತಾನೆ.

ಎರಡನೆಯದು ಕಾಲೇಜಿನಿಂದ 14 ಕಿ.ಮೀ. ದೂರದ ಒಂದು ಊರು. ನಾಲೆ ನೀರು ತಲುಪದ, ಕೆರೆಯಾಧಾರಿತ ಊರು. ಈ ಆಯ್ಕೆ ಸರಿಯಾಗಿತ್ತು. ಕೃಷ್ಣರಾಜಸಾಗರ ಕಟ್ಟಿ ವಿಶ್ವೇಶ್ವರಯ್ಯ ನಾಲೆ ಹರಿದ ಮೇಲೆ ಜಿಲ್ಲೆಯ ಬಹುಭಾಗದ ಖುಷ್ಕಿ ಹೊಲಗಳನ್ನು ಸಮ ಮಾಡಿ ಭತ್ತ, ಕಬ್ಬು ಹಾಕಿದ್ದಾರೆ; ನೆಲದ ಮೇಲ್ಮೈ ಅಲ್ಲಿ ಕಲಸಿಹೋಗಿದೆ, ಬೆಳೆಯ ಅಡಿ ಏನೂ ಕಾಣುವುದಿಲ್ಲ. ಈ ಊರಲ್ಲಿ ಗುಡಿಯ ಮುಂದೆ ಬರಹವಿದ್ದ ವೀರಗಲ್ಲು, ಕೆರೆಯ ಪಕ್ಕದ ಹೊಲದಲ್ಲಿ ಮಡಕೆ ಚೂರು ಎರಡೂ ಇದ್ದವು.

ತಯಾರಿ ಮಾತ್ರ ಶೂನ್ಯ. ವಿದ್ಯಾರ್ಥಿಗಳು ಎರಡು ಗೊಬ್ಬರದ ಚೀಲಗಳಲ್ಲಿ ಚೂರು ಆರಿಸಿ ತುಂಬಿದರು. ಯಾವುದು ಯಾವ ಹೊಲದ್ದು ಎಂಬುದು ಆ ಕ್ಷಣವೇ ಅಳಿಸಿಹೋಯಿತು. ಅಕ್ಷರ ಎದ್ದು ಕಾಣಲೆಂದು ಶಾಸನಕ್ಕೆ ಸೀಮೆಸುಣ್ಣ ತಿಕ್ಕಿದರು. ಸೀಮೆಸುಣ್ಣ ಸವೆದ ಗೆರೆಯನ್ನೂ ಕಲ್ಲಿನ ಸಹಜ ಬಿರುಕನ್ನೂ ಒಂದೇ ಸಮನೆ ಬಿಳಿ ಮಾಡುತ್ತದೆ. ಇಲ್ಲದ ಅಕ್ಷರ ಹುಟ್ಟುತ್ತದೆ, ಕಲ್ಲಿನ ರಂಧ್ರಗಳಲ್ಲಿ ಪುಡಿ ಉಳಿಯುತ್ತದೆ. ಸಂಜೆಯೊಳಗೆ ‘ಕಾಲೇಜಿನವರು ನಿಧಿ ಹುಡುಕ್ತಾವ್ರೆ’ ಎಂಬ ಸುದ್ದಿ ಹಬ್ಬಿ, ಪ್ರಾಂಶುಪಾಲರಿಗೆ ಊರಿನಿಂದ ಫೋನು ಬಂತು.

ಇಲ್ಲಿ ಅಧ್ಯಾಪಕರು ತೆಗೆದುಕೊಂಡ ನಿರ್ಧಾರ ಗಮನಿಸಬೇಕಾದದ್ದು. ಚೀಲದಲ್ಲಿದ್ದುದನ್ನು ಹೊಲಕ್ಕೆ ಸುರಿದುಬರಲು ಕೆಲವರು ಹೇಳಿದರು. ಹಾಗೆ ಸುರಿದರೆ ಮುಂದೆ ಅಲ್ಲಿ ಎಣಿಸುವವರಿಗೆ ಅದು ಸುಳ್ಳು ಸಾಕ್ಷಿ. ಆದ್ದರಿಂದ ಪಂಚಾಯಿತಿಗೆ ತಿಳಿಸಿ, ‘ಜಾಗ ಗೊತ್ತಿಲ್ಲ’ ಎಂಬ ಚೀಟಿ ಅಂಟಿಸಿ, ಆ ಚೂರುಗಳನ್ನು ಗುರುತಿಸುವ ಅಭ್ಯಾಸಕ್ಕೆ ಮಾತ್ರ ಇಟ್ಟುಕೊಂಡರು. ಕ್ಷೇತ್ರಕಾರ್ಯ ಎರಡು ತಿಂಗಳು ನಿಂತಿತು.

ಚೀಲದ ಮೇಲೆ ಕಲಿತದ್ದು

ಆ ಎರಡು ತಿಂಗಳು ವ್ಯರ್ಥವಾಗಲಿಲ್ಲ. ಮೊದಲ ಸುತ್ತಿನಲ್ಲಿ ‘ಪ್ರಾಚೀನ’ ಎಂದು ವಿದ್ಯಾರ್ಥಿಗಳು ಬೇರ್ಪಡಿಸಿದ ರಾಶಿಯಲ್ಲಿ ಮಂಗಳೂರು ಹೆಂಚಿನ ತುಂಡೇ ಹೆಚ್ಚಾಗಿತ್ತು. ಹೆಂಚಿಗೆ ಬಾಗು ಇಲ್ಲ, ದಪ್ಪ ಎಲ್ಲ ಕಡೆ ಒಂದೇ, ಅಚ್ಚಿನ ಗೆರೆ ನೇರ. ಮಡಕೆಯ ಚೂರು ಬಾಗಿರುತ್ತದೆ, ಒಳಮೈಯಲ್ಲಿ ಚಕ್ರದ ಸಾಲುಗಳಿರುತ್ತವೆ.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮ. ಅಜ್ಜಿಯ ಕಾಲದ ಅನ್ನದ ಮಡಕೆಯ ತಳಕ್ಕೆ ಹಿಡಿದ ಮಸಿಯನ್ನು ನೋಡಿ ‘ಕಪ್ಪು-ಕೆಂಪು ಮಡಕೆ’ ಎಂದರು. ಒಲೆಯ ಮಸಿ ಹೊರಮೈಗೆ ಹತ್ತುತ್ತದೆ, ತೇವದ ಬಟ್ಟೆಗೆ ಬರುತ್ತದೆ. ಬೃಹತ್ ಶಿಲಾ ಕಾಲದ ಕಪ್ಪು-ಕೆಂಪು ಮಡಕೆಯಲ್ಲಿ ಕಪ್ಪಾಗಿರುವುದು ಒಳಮೈ ಮತ್ತು ಬಾಯಂಚು, ಕೆಂಪಾಗಿರುವುದು ಹೊರಗಿನ ಕೆಳಭಾಗ. ಬೋರಲು ಹಾಕಿ ಸುಟ್ಟಾಗ ಬಾಯಿ ಮತ್ತು ಒಳಗೆ ಗಾಳಿಯಾಡದೆ ಕಪ್ಪು ಮಣ್ಣಿಗೇ ಇಳಿಯುತ್ತದೆ ಎಂಬುದು ಸಾಮಾನ್ಯ ವಿವರಣೆ. ಒಡೆದ ಅಂಚನ್ನು ನೋಡಿದರೆ ಗೊತ್ತಾಗುತ್ತದೆ: ಮಸಿ ತೊಗಲಿನಷ್ಟು, ಸುಟ್ಟ ಕಪ್ಪು ಮೈಯೊಳಕ್ಕೆ. ಜೊತೆಗೆ ಉಜ್ಜಿ ತಂದ ಹೊಳಪು.

ಕಬ್ಬಿಣ ಕರಗಿಸಿದಾಗ ಉಳಿಯುವ ಕಿಟ್ಟವನ್ನು ಅಧ್ಯಾಪಕರು ಬೇಕೆಂದೇ ಪಕ್ಕಕ್ಕಿಟ್ಟರು. ಗುಳ್ಳೆಗುಳ್ಳೆಯಾಗಿ, ಹರಿದು ಹೆಪ್ಪುಗಟ್ಟಿದಂತೆ ಕಾಣುವ ಭಾರದ ಕಿಟ್ಟ ಸಿಕ್ಕ ಕೂಡಲೇ ‘ಕಬ್ಬಿಣಯುಗ’ ಎನ್ನುವ ಆಸೆ ಹುಟ್ಟುತ್ತದೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಕಂಪನಿ ಸರ್ಕಾರದ ಸಮೀಕ್ಷಕ ಬುಕಾನನ್ ಆಗಲೂ ಊರೂರಲ್ಲಿ ಕಬ್ಬಿಣ ಕರಗಿಸುತ್ತಿದ್ದುದನ್ನು ದಾಖಲಿಸಿದ್ದಾನೆ. ಕಿಟ್ಟವೊಂದರಿಂದಲೇ ಕಾಲ ಹೇಳಲಾಗದು.

ಶಾಸನವನ್ನು ಮೊದಲು ಓದುವುದು

ಈ ಅವಧಿಯಲ್ಲೇ ಪಠ್ಯದ ಕೆಲಸ ಶುರುವಾಯಿತು. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕದ 1894ರ ಸಂಪುಟದಲ್ಲಿ ವಿದ್ಯಾರ್ಥಿಗಳು ಮಂಡ್ಯ ಜಿಲ್ಲೆ ಹುಡುಕಿ ಸೋತರು. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಮೊದಲು ಈ ತಾಲ್ಲೂಕುಗಳೆಲ್ಲ ಮೈಸೂರು ಜಿಲ್ಲೆಯವು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಮಾಲೆಯಲ್ಲಿ 6 ಮತ್ತು 7ನೆಯ ಸಂಪುಟಗಳು ಈಗಿನ ಮಂಡ್ಯದ ತಾಲ್ಲೂಕುಗಳವು.

ಆ ಊರಿನ ವೀರಗಲ್ಲಿನ ಶಾಸನ ಒಂಬತ್ತು ಸಾಲಿನದು. ತುಱುಗೋಳಿನಲ್ಲಿ, ಅಂದರೆ ದನ ಹಿಡಿಯಲು ಬಂದವರ ವಿರುದ್ಧ, ಹೋರಾಡಿ ಸತ್ತವನಿಗೆ ಕಲ್ಲು. ಅವನ ಮನೆಯವರಿಗೆ ಕೆರೆಯ ಕೆಳಗೆ ಎರಡು ಖಂಡುಗ ಗೞ್ದೆ (ಗದ್ದೆ) ಕಲ್ನಾಡಾಗಿ ಬಿಟ್ಟದ್ದು. ಇಲ್ಲೊಂದು ಎಡವಟ್ಟು ಇಡೀ ತರಗತಿಗೆ ಪಾಠವಾಯಿತು. ಒಂದು ತಂಡ ‘ಕಲ್ನಾಡು’ ಎಂಬ ನಾಡನ್ನು ಭೂಪಟದಲ್ಲಿ ಎರಡು ದಿನ ಹುಡುಕಿತು. ಗಂಗವಾಡಿ 96000 ಎಂಬ ಗಂಗರ ಸೀಮೆಯೊಳಗೆ ಎಷ್ಟೋ ನಾಡುಗಳಿದ್ದವು ಎಂದು ಓದಿದ್ದ ಮಕ್ಕಳಿಗೆ ಅದು ಸಹಜ. ಕಲ್ನಾಡು ಎಂದರೆ ಸತ್ತ ವೀರನ ಕಲ್ಲಿನ ಜೊತೆಗೆ ಬಿಡುವ ಭೂಮಿ.

ಖಂಡುಗ ಇನ್ನೊಂದು. ನಿಘಂಟು ‘20 ಕೊಳಗ’ ಎನ್ನುತ್ತದೆ, ಅದು ಧಾನ್ಯದ ಅಳತೆ. ಭೂಮಿಗೆ ಬಂದಾಗ ಅಷ್ಟು ಬೀಜ ಬೀಳುವಷ್ಟು ನೆಲ. ಒಬ್ಬ ವಿದ್ಯಾರ್ಥಿನಿಯ ತಾತ ತಮ್ಮ ಗದ್ದೆಯನ್ನು ಇಂದಿಗೂ ‘ಹತ್ತು ಕೊಳಗದ ಗದ್ದೆ’ ಎನ್ನುತ್ತಾರೆ. ಆ ಲೆಕ್ಕ ಖುಷ್ಕಿಗೆ ಬೇರೆ, ತರಿಗೆ ಬೇರೆ ಎಂದು ವಿವರಿಸಿದವರೂ ಅವರೇ. ಎಕರೆಗೆ ಪರಿವರ್ತಿಸುವ ಆತುರವನ್ನು ಅಧ್ಯಾಪಕರು ತಡೆದದ್ದು ಒಳ್ಳೆಯದಾಯಿತು.

ಕಲ್ಲಿನಲ್ಲಿ ರಾಜನ ಆಳ್ವಿಕೆಯ ವರ್ಷವಿಲ್ಲ. ಸಂಪುಟ ‘ಸು. 10ನೆಯ ಶತಮಾನ’ ಎಂದು ಲಿಪಿ ನೋಡಿ ಹೇಳಿದೆ. ‘ಸುಮಾರು’ ಎನ್ನುವ ಆ ‘ಸು.’ ಎಂಬ ಒಂದಕ್ಷರವನ್ನು ವಿದ್ಯಾರ್ಥಿಗಳು ನಕಲಿಸುವಾಗ ಬಿಟ್ಟುಬಿಡುತ್ತಿದ್ದರು. ಹೋಲಿಕೆಗಾಗಿ ಮದ್ದೂರು ತಾಲ್ಲೂಕಿನ ಆತಕೂರು ಶಾಸನ ಓದಿಸಲಾಯಿತು. ಅದರಲ್ಲಿ ಶಕ 872 (ಕ್ರಿ.ಶ. 949-50) ಎಂಬ ವರ್ಷವೇ ಇದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಇಮ್ಮಡಿ ಬೂತುಗ, ತಕ್ಕೋಲದ ಯುದ್ಧದಲ್ಲಿ ಮಡಿದ ಚೋಳ ರಾಜಾದಿತ್ಯ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿ ಎಲ್ಲ ಒಂದೇ ಕಲ್ಲಿನಲ್ಲಿ. ಕಾಲ ಬರೆದಿರುವ ಶಾಸನಕ್ಕೂ ಕಾಲ ಊಹಿಸಿರುವ ಶಾಸನಕ್ಕೂ ಇರುವ ವ್ಯತ್ಯಾಸ ಆಗ ತಲೆಗೆ ಹತ್ತಿತು. ಆ ಕಲ್ಲು ಈಗ ಇರುವುದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಕಲ್ಲುಗಳು ಚಲಿಸುತ್ತವೆ ಎಂಬ ಮಾತು ಆಗ ಯಾರ ಕಿವಿಗೂ ಅಷ್ಟು ಬೀಳಲಿಲ್ಲ. ಮುಂದೆ ಅದೇ ಎದುರಾಯಿತು.

ಮೂರನೆಯ ಯತ್ನ: ಎಣಿಸುವುದು, ಎತ್ತದಿರುವುದು

ಸಂಕ್ರಾಂತಿ ಕಳೆದು, ರಾಗಿ ಕೊಯ್ದು, ಒಂದು ಉಳುಮೆಯಾದ ಮೇಲೆ ಹೋದರು. ಅದಕ್ಕೂ ಒಂದು ವಾರ ಮೊದಲು ಅಧ್ಯಾಪಕರು ಅರಳಿಕಟ್ಟೆಯಲ್ಲಿ ಊರವರ ಜೊತೆ ಕೂತು, ತುಂಬುವ ಫಾರಂ, ಟೇಪು, ಬಿದಿರು ಕೋಲು ಎಲ್ಲ ತೋರಿಸಿದರು. ಗುದ್ದಲಿ ತರುವುದಿಲ್ಲ, ಏನನ್ನೂ ಒಯ್ಯುವುದಿಲ್ಲ ಎಂದು ಪಂಚಾಯಿತಿಗೆ ಪತ್ರ ಕೊಟ್ಟರು. ಅನುಮತಿಯಿಲ್ಲದೆ ಉತ್ಖನನ ಸಲ್ಲದು. ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ಇವೆರಡನ್ನೂ ವಿದ್ಯಾರ್ಥಿಗಳಿಗೂ ಊರವರಿಗೂ ಒಟ್ಟಿಗೆ ಹೇಳಿದ್ದರಿಂದ ಗುಸುಗುಸು ನಿಂತಿತು.

ಹೊಲ ಸುಮಾರು 120 ಮೀಟರ್ ಉದ್ದ, 80 ಮೀಟರ್ ಅಗಲ. ಹತ್ತು ಮೀಟರಿಗೊಂದರಂತೆ ಎಂಟು ಸಾಲು, ಸಾಲಿಗೊಬ್ಬ ನಡೆಯುವವನು. ತನ್ನ ಎಡಬಲ ಒಂದೊಂದು ಮೀಟರ್ ಮಾತ್ರ ನೋಡಬೇಕು. ಹಾಗೆ ಹೊಲದ ಐದನೇ ಒಂದು ಪಾಲು ಕಣ್ಣಿಗೆ ಬೀಳುತ್ತದೆ. ಪ್ರತಿ 20 ಮೀಟರಿಗೆ ನಿಂತು ಎಣಿಕೆ ಹೇಳಬೇಕು, ಜೊತೆಗಾರ ಬರೆಯಬೇಕು. ಹೀಗೆ ಎಣಿಕೆಗೆ ಒಟ್ಟು 48 ತುಂಡು ನೆಲ. ಮಿಕ್ಕವರಲ್ಲಿ ಎಂಟು ಮಂದಿ ಶಾಸನಕ್ಕೆ, ಆರು ಮಂದಿ ಟೇಪಿಗೆ, ನಾಲ್ವರು ಫೋಟೋಗೆ, ನಾಲ್ವರು ಊರ ಹಿರಿಯರ ಮಾತು ಬರೆದುಕೊಳ್ಳಲು. ಮೊಬೈಲಿನ ಜಿಪಿಎಸ್ ಬಯಲಲ್ಲೇ ನಾಲ್ಕೈದು ಮೀಟರ್ ತಪ್ಪುತ್ತದೆ, ಮರದಡಿ ಇನ್ನೂ ಹೆಚ್ಚು. ಆದ್ದರಿಂದ ಹೊಲದ ನಾಲ್ಕು ಮೂಲೆಗೆ ಮಾತ್ರ ಅದು, ಒಳಗೆಲ್ಲ ಟೇಪು.

ಮೊದಲ ಸಾಲನ್ನು ಪರೀಕ್ಷೆಗೆಂದು ಇಬ್ಬರು ಬೇರೆ ಬೇರೆಯಾಗಿ ನಡೆದರು. ಒಬ್ಬನ ಎಣಿಕೆ 31, ಇನ್ನೊಬ್ಬಳದು 17. ಕಾರಣ ಎರಡು: ಅವಳು ಸೂರ್ಯನಿಗೆ ಎದುರಾಗಿ ನಡೆದಿದ್ದಳು, ಅವನು ಉಗುರಿನಷ್ಟು ಚೂರನ್ನೂ ಲೆಕ್ಕ ಹಿಡಿದಿದ್ದ. ಎರಡು ಸೆಂ.ಮೀ.ಗಿಂತ ಚಿಕ್ಕದನ್ನು ಎಣಿಸಬಾರದು, ಬಿಸಿಲಿಗೆ ಬೆನ್ನು ಮಾಡಿ ನಡೆಯಬೇಕು ಎಂದು ಅಲ್ಲೇ ನಿಯಮವಾಯಿತು. ಮರುಎಣಿಕೆ 24 ಮತ್ತು 21. ಈ ಪರೀಕ್ಷೆ ಮಾಡದೆ ಹೊರಟಿದ್ದರೆ ಎಂಟು ಜನರ ಕಣ್ಣಿನ ವ್ಯತ್ಯಾಸವೇ ನಕ್ಷೆಯಾಗುತ್ತಿತ್ತು.

ಶಾಸನದ ತಂಡ ಈ ಸಲ ಸೀಮೆಸುಣ್ಣ ಮುಟ್ಟಲಿಲ್ಲ. ಮುಸ್ಸಂಜೆಯಲ್ಲಿ ಟಾರ್ಚನ್ನು ಕಲ್ಲಿನ ಮೈಗೆ ಬಹುತೇಕ ತಾಗಿಸಿ, ಪಕ್ಕದಿಂದ ಬೆಳಕು ಬಿಟ್ಟರು. ಎಡ, ಬಲ, ಮೇಲಿನಿಂದ ಒಂದೊಂದು ಫೋಟೋ. ಒಂದು ಬದಿಯ ಬೆಳಕಿನಲ್ಲಿ ಮಾತ್ರ ಕಂಡು ಉಳಿದೆರಡರಲ್ಲಿ ಕಾಣದ ಗೆರೆಯನ್ನು ಅಕ್ಷರವೆಂದು ಹಿಡಿಯಲಿಲ್ಲ. ಮುದ್ರಿತ ಪಾಠದಲ್ಲಿ ಪೂರ್ತಿಯಿದ್ದ ಏಳನೆಯ ಸಾಲಿನ ಕೊನೆ ಈಗ ಸವೆದು ಓದಲಾಗದಂತಾಗಿದೆ. ಕಲ್ಲಿಗೆ ಕಾಗದ ಒತ್ತಿ ಪಡಿಯಚ್ಚು ತೆಗೆದ ಕಾಲದ ಓದು ಎಷ್ಟು ಅಮೂಲ್ಯ ಎಂದು ತಿಳಿದದ್ದು ಅಲ್ಲಿ.

ಬದುವಿನ ಬಳಿ ನಿಂತುಹೋದ ಚೂರುಗಳು

ಎರಡು ದಿನದ ಎಣಿಕೆಯನ್ನು ಗ್ರಾಫ್ ಹಾಳೆಗೆ ಇಳಿಸಿದಾಗ ಹೊಲವಿಡೀ ದಟ್ಟ, ಆಚೆಯ ಹೊಲಗಳಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಕಪ್ಪು-ಕೆಂಪು ಚೂರು ಸಾಕಷ್ಟಿತ್ತು. ತೀರ್ಮಾನ ಕೂಡಲೇ ಬಂತು: ‘ಗಂಗರಿಗಿಂತ ಸಾವಿರ ವರ್ಷ ಹಳೆಯ ಊರು ಇಲ್ಲೇ ಇತ್ತು.’ ಒಬ್ಬನಂತೂ ವರದಿಯ ತಲೆಬರಹವನ್ನೂ ಬರೆದಿಟ್ಟ.

ಆಗ ಹಿರಿಯರ ಮಾತು ಬರೆಯುತ್ತಿದ್ದ ತಂಡದ ಹುಡುಗಿಯೊಬ್ಬಳು ತನ್ನ ಪುಸ್ತಕ ತೆಗೆದಳು. ಹೊಲದೊಡತಿ ಅವಳಿಗೆ ಹೇಳಿದ್ದು ಹೀಗಿತ್ತು: “ಅದು ನಮ್ ಮಣ್ಣಲ್ಲ ಕಣವ್ವ, ಕೆರೆ ಗೋಡು. ಎಲ್ಡು ಬ್ಯಾಸ್ಗೆ ಟ್ರ್ಯಾಕ್ಟರ್‌ನಾಗೆ ಹೊಡ್ಸಿದ್ವಿ.” ಬೇಸಿಗೆಯಲ್ಲಿ ಕೆರೆಯ ಹೂಳನ್ನು ಹೊಲಕ್ಕೆ ಹರಡುವುದು ಈ ಸೀಮೆಯ ಹಳೆಯ ರೂಢಿ. ತರಗತಿಯ ಅರ್ಧ ಮಂದಿ ತಮ್ಮ ಮನೆಯಲ್ಲಿ ಅದನ್ನು ಮಾಡಿದವರೇ. ಆದರೂ ‘ಪುರಾತತ್ವ’ ಎಂಬ ಪದ ಕೇಳಿದೊಡನೆ ಆ ತಿಳಿವಳಿಕೆಯನ್ನು ಬಾಗಿಲಾಚೆ ಬಿಟ್ಟು ಬಂದಿದ್ದರು.

ಈ ಪ್ರಕರಣದ ನಡುಗಂಬ ಈ ಮಾತು. ನಕ್ಷೆಯನ್ನು ಮತ್ತೆ ನೋಡಿದಾಗ ಉತ್ತರ ಅದರಲ್ಲೇ ಇತ್ತು: ಚೂರಿನ ದಟ್ಟಣೆ ಹೊಲದ ಬದುವಿಗೆ ಸರಿಯಾಗಿ ಗೆರೆ ಕೊಯ್ದಂತೆ ನಿಂತಿತ್ತು. ಎರಡು ಸಾವಿರ ವರ್ಷ ಹಿಂದಿನ ಊರು ಇವತ್ತಿನ ಸರ್ವೆ ನಂಬರಿನ ಗಡಿಗೆ ಹೊಂದಿಕೊಂಡು ನಿಲ್ಲುವುದಿಲ್ಲ. ಫೋಟೋಗಳಲ್ಲಿ ಚೂರಿನ ಅಂಚುಗಳು ನೀರಲ್ಲಿ ಉರುಳಿದಂತೆ ದುಂಡಾಗಿದ್ದವು. ಫಾರಮ್ಮಿನಲ್ಲಿ ಅದಕ್ಕೆ ಕಲಂ ಇರಲಿಲ್ಲ. ಮರುದಿನ ‘ಅಂಚು: ಚೂಪು / ಸವೆದದ್ದು’ ಎಂಬ ಕಲಂ ಸೇರಿತು.

ಅದೇ ಪ್ರಶ್ನೆಯನ್ನು ಅಧ್ಯಾಪಕರು ಶಾಸನಕ್ಕೂ ಕೇಳಿಸಿದರು: ಈ ಕಲ್ಲು ಇಲ್ಲಿಗೆ ಹೇಗೆ ಬಂತು? ಹಳೆಯ ಸಂಪುಟಗಳು ಪ್ರತಿ ಶಾಸನದ ತಲೆಯಲ್ಲಿ ಕಲ್ಲು ಎಲ್ಲಿ ನಿಂತಿದೆಯೆಂದು ಒಂದು ಸಾಲು ಕೊಡುತ್ತವೆ. ಎಲ್ಲರೂ ಹಾರಿಸಿ ಓದುವ ಸಾಲು ಅದು. ಅದರಲ್ಲಿದ್ದುದು ಕೆರೆಯ ಏರಿ, ಗುಡಿಯ ಮುಂದಲ್ಲ. ಏರಿಯ ಮೇಲೆ ರಸ್ತೆ ಮಾಡುವಾಗ ಕಲ್ಲನ್ನು ಗುಡಿಗೆ ತಂದರೆಂದು ಇಬ್ಬರು ಹಿರಿಯರು ಬೇರೆ ಬೇರೆಯಾಗಿ ಹೇಳಿದರು. ಹಾಗಾಗಿ ಶಾಸನದ ‘ಕೆರೆ’ ಇದೇ ಕೆರೆಯಿರಬಹುದು ಎಂಬ ಮಾತಿಗೆ ಬಲ ಬಂತು. ಕಲ್ಲು ಗುಡಿಯದೆಂದೇ ನಂಬಿದ್ದರೆ ಆ ಕೊಂಡಿ ಸಿಗುತ್ತಿರಲಿಲ್ಲ. ನಾಗರಕಟ್ಟೆಯಲ್ಲಿ ಕುಂಕುಮ ಹಚ್ಚಿಸಿಕೊಂಡಿದ್ದ ಒಂದು ನುಣುಪು ಕಲ್ಗೊಡಲಿಯೂ ಹೀಗೆಯೇ ಎಲ್ಲಿಂದಲೋ ಬಂದದ್ದು. ಅದನ್ನು ಮುಟ್ಟದೆ ಅಳತೆಪಟ್ಟಿ ಪಕ್ಕಕ್ಕಿಟ್ಟು ಫೋಟೋ ತೆಗೆದು ಬಿಟ್ಟರು.

ಮೇಲಕ್ಕೆ ನಡೆದದ್ದು

ಗೋಡು ಕೆರೆಯದಾದರೆ ಚೂರು ಕೆರೆಗೆ ಬಂದದ್ದು ಮೇಲಿನ ಜಲಾನಯನದಿಂದ. ಕೆರೆಯಂಗಳದಲ್ಲಿ ಹೂಳೆತ್ತಲು ಜೆಸಿಬಿ ತೋಡಿದ ಗುಂಡಿಗಳಿದ್ದವು. ಅವುಗಳ ಗೋಡೆ, ಅಗೆಯದೆಯೇ ಸಿಕ್ಕ ಪದರದ ಚಿತ್ರ. ಸುಮಾರು ಒಂದೂಕಾಲು ಮೀಟರ್ ಎತ್ತರದ ಒಂದು ಗೋಡೆಯಲ್ಲಿ ಚೂರುಗಳು ಕಪ್ಪು ಜೇಡಿಯಲ್ಲಿರದೆ, ಜೋರು ಮಳೆ ತಂದು ಹಾಕಿದ ಜಲ್ಲಿಮರಳಿನ ತೆಳು ಪಟ್ಟಿಗಳಲ್ಲಿದ್ದವು. ಗುಂಡಿಯ ಅಂಚು ಕುಸಿಯುತ್ತದೆ, ಆದ್ದರಿಂದ ಎದುರು ದಡದಿಂದಲೇ ಚಿತ್ರ ಬರೆದರು.

ಅಲ್ಲಿಂದ ಹಳ್ಳದ ಜಾಡು ಹಿಡಿದು ಮೇಲಕ್ಕೆ. ಆರುನೂರು ಮೀಟರ್ ಆಚೆ ಗೋಮಾಳದ ಇಳಿಜಾರಿನಲ್ಲಿ ಚೂರಿನ ಅಂಚು ಚೂಪಾಯಿತು, ಗಾತ್ರ ಅಂಗೈಯಷ್ಟಾಯಿತು. ಊರವರು ‘ಪಾಂಡವರ ಗುಡಿ’ ಎನ್ನುವ ಅಲ್ಲಿ ಏಳು ಮೀಟರ್ ಅಡ್ಡಳತೆಯ ಎರಡು ಶಿಲಾವೃತ್ತಗಳ ಅರ್ಧರ್ಧ ಉಳಿದಿತ್ತು. ಮಿಕ್ಕರ್ಧ ಕಲ್ಲುಗಣಿಗೆ ಹೋಗಿದೆ. ಅಳತೆ, ಫೋಟೋ, ಕೈನಕ್ಷೆ ಮಾಡಿ ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿಗೆ ಪತ್ರ ಬರೆದರು.

ವರದಿಯಲ್ಲಿ ಏನು ಬರೆಯಬಹುದು ಎಂಬ ಚರ್ಚೆಗೆ ಮೂರು ತರಗತಿ ಹಿಡಿಯಿತು. ಉಳಿದ ವಾಕ್ಯಗಳು ಇವು: ಇಳಿಜಾರಿನಲ್ಲಿ ಬೃಹತ್ ಶಿಲಾ ಕಾಲದ ಗೋರಿಗಳಿವೆ. ಕೆರೆಯಲ್ಲಿ ಸಿಗುವ ಅದೇ ಬಗೆಯ ಚೂರು ಅಲ್ಲಿಂದ ಕೊಚ್ಚಿಬಂದಿರುವುದು ಸಂಭವ. ಶಾಸನದ ಕೆರೆ ಇದೇ ಆದರೆ ಸು. 10ನೆಯ ಶತಮಾನದ ಹೊತ್ತಿಗೆ ಅದರ ಕೆಳಗೆ ಗದ್ದೆಯಿತ್ತು. ಹೊಡೆದುಹಾಕಿದ ವಾಕ್ಯ: ‘ಈ ಊರಿಗೆ ಮೂರು ಸಾವಿರ ವರ್ಷಗಳ ಅಖಂಡ ಇತಿಹಾಸವಿದೆ.’ ಗೋರಿಗಳಿಗೂ ಗದ್ದೆಗೂ ನಡುವಿನ ಶತಮಾನಗಳದೆಂದು ಖಚಿತವಾಗಿ ಹೇಳಬಹುದಾದ ಒಂದು ಚೂರೂ ಎಣಿಕೆಯಲ್ಲಿಲ್ಲ. ಶಾಸನದಲ್ಲಿ ಊರಿನ ಹೆಸರು ಮೊದಲು ಬಂದ ಕಾಲವನ್ನು ಊರು ಹುಟ್ಟಿದ ಕಾಲವೆಂದ ವಾಕ್ಯವನ್ನೂ ತೆಗೆದರು.

ಫಲ ಮತ್ತು ಬಾಕಿ

ಕೊನೆಗೆ ಗಂಗರ ಪ್ರಶ್ನೆಯನ್ನೇ ಮತ್ತೆ ಕೊಟ್ಟಾಗ, ಮೂರರಲ್ಲಿ ಎರಡು ಪಾಲು ವಿದ್ಯಾರ್ಥಿಗಳು ಸಿಂಹನಂದಿಯ ಕಥೆಯ ಜೊತೆಗೆ ಅದನ್ನು ಕೆತ್ತಿದ ಕಾಲವನ್ನೂ ಬರೆದರು. ಇನ್ನೊಂದು ತೊಡಕು ಮಾತ್ರ ಹೊಸದಾಗಿ ಹುಟ್ಟಿತು. ಕೆಲವರು ‘ಶಾಸನ ನಂಬಲಾಗದು’ ಎಂದು ಒಂದೇ ಸಾಲಲ್ಲಿ ಮುಗಿಸಿದರು. ಅವರಿಗೆ ರೈಸ್ ಮತ್ತು ಇನ್ನೊಬ್ಬ ಶಾಸನತಜ್ಞ ಫ್ಲೀಟ್ ನಡುವಿನ ವಾದ ಓದಿಸಬೇಕಾಯಿತು. ಗಂಗರ ಎಷ್ಟೋ ತಾಮ್ರಪಟಗಳನ್ನು ಫ್ಲೀಟ್ ಕೂಟಪಟಗಳು, ಅಂದರೆ ನಕಲಿ, ಎಂದ, ರೈಸ್ ಒಪ್ಪಲಿಲ್ಲ. ಕೂಟವೆಂದು ತೀರ್ಮಾನವಾದ ಪಟವೂ ಅದನ್ನು ಬರೆದವರ ಕಾಲಕ್ಕೆ, ಅವರಿಗೆ ಬೇಕಾಗಿದ್ದ ಭೂಮಿಗೆ ಸಾಕ್ಷಿಯೇ. ಇದನ್ನು ಕ್ಷೇತ್ರಕಾರ್ಯಕ್ಕೂ ಮೊದಲೇ ಓದಿಸಿದ್ದರೆ ಸರಿಯಾಗಿತ್ತು.

ಖರ್ಚಾದದ್ದು ಐದು ಕ್ಷೇತ್ರದಿನ, ಒಂದು ಬಾಡಿಗೆ ಬಸ್ಸು ಮೂರು ಸಲ, ಎರಡು 30 ಮೀಟರ್ ಟೇಪು, ಕೆಂಪು-ಬಿಳಿ ಬಣ್ಣ ಬಳಿದ ಆರು ಬಿದಿರು ಕೋಲು, ನೆರಳಚ್ಚು ಹಾಳೆಗಳು. ಹೊಯ್ಸಳರ ಪಾಠಕ್ಕೆ ಮೀಸಲಿದ್ದ ಒಂಬತ್ತು ಗಂಟೆ ಇದಕ್ಕೆ ಹೋಯಿತು, ಅದನ್ನು ಶನಿವಾರಗಳಲ್ಲಿ ತುಂಬಿಸಿದರು. ಹಿರಿಯರ ಮಾತು ಬರೆಯುವ ತಂಡಕ್ಕೆ ಮುಂದಿನ ವರ್ಷ ನಾಲ್ವರ ಬದಲು ಎಂಟು ಮಂದಿ. ಅವರು ಹೊಲ ಎಣಿಸುವವರಿಗಿಂತ ಒಂದು ದಿನ ಮೊದಲೇ ಹೋಗುತ್ತಾರೆ, ಪ್ರತಿ ಹೊಲದವರಿಗೂ ಮಣ್ಣು ಎಲ್ಲಿಯದು, ಯಾವ ವರ್ಷ ಹೊಡೆಸಿದ್ದು ಎಂದು ಕೇಳುತ್ತಾರೆ. ಕೆರೆಯ ಪಡುವಣ ಇಳಿಜಾರಿನಲ್ಲಿ ಈವರೆಗೆ ಯಾರೂ ನಡೆದಿಲ್ಲ. ಆ ಹಾಳೆಗಳು ಖಾಲಿಯಾಗಿ, ಗೆರೆ ಎಳೆದು, ವಿಭಾಗದ ಬೀರುವಿನಲ್ಲಿವೆ.